ದೋಷಕ್ಕೂ ಒಂದು ವಿಳಾಸ

ಎಂಜಿನ್ ನಿಲ್ಲುವ ರೀತಿಯಿಂದಲೇ ಹಿಂಬಾಗಿಲ ಬೀಗದ ಆರೋಗ್ಯ ತಿಳಿಯುವಂಥ ಕಾರೊಂದಿದೆ. ಮರ್ಸಿಡಿಸ್-ಬೆಂಜ್ 1976ರ ಜನವರಿಯಲ್ಲಿ ಹೊರತಂದ ಡಬ್ಲ್ಯು 123 ಸಾಲಿನ ಡೀಸೆಲ್ ಕಾರು ಅದು. ಕೀಲಿ ತಿರುಗಿಸಿದ ಕೂಡಲೇ ಸುಮ್ಮನಾಗಬೇಕಾದ ಎಂಜಿನ್ನು ಇನ್ನೂ ಮೂರು ನಾಲ್ಕು ಸೆಕೆಂಡು ಗುಡುಗುಟ್ಟಿ, ಆಮೇಲೆ ಒಲ್ಲದ ಮನಸ್ಸಿನಿಂದ ನಿಂತಿತು ಎನ್ನಿ. ಈ ಕಾರನ್ನು ಬಲ್ಲವರು ಆಗ ಎಂಜಿನ್ನಿನ ಕಡೆಗಷ್ಟೇ ನೋಡುವುದಿಲ್ಲ. ಬಾಗಿಲುಗಳ ಬಳಿ ಹೋಗಿ ಕಿವಿಯಿಟ್ಟು ಕೇಳುತ್ತಾರೆ. ಯಾವುದೋ ಒಂದು ಬಾಗಿಲಿನ ಒಳಗೆ ಸಣ್ಣಗೆ ಗಾಳಿ ಸೋರುವ ಸದ್ದು ಸಿಕ್ಕರೆ ಎಂಜಿನ್ನಿನ ಹಟಕ್ಕೂ ಬೀಗದ ಸೋಮಾರಿತನಕ್ಕೂ ಒಂದೇ ಕಾರಣ ಸಿಕ್ಕಂತೆ. ಈ ನಂಟಿನ ಜಾಡು ಹಿಡಿದು ಹೋಗುವುದರಲ್ಲಿ ನನಗೆ ಸಿಗುವ ಸುಖ ದೊಡ್ಡದು.

1986ರ ಆರಂಭದವರೆಗೆ ಸುಮಾರು 27 ಲಕ್ಷ ತಯಾರಾದ ಈ ಕಾರು ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ ದುಡಿಯಿತು, ಮೊರಾಕ್ಕೊದ ಊರೂರುಗಳ ನಡುವೆ ದಶಕಗಳ ಕಾಲ ಜನರನ್ನು ಹೊತ್ತಿತು. ಬೇಕೆಂದವರಿಗೆ ಹೆಚ್ಚುವರಿಯಾಗಿ ಕೊಡುತ್ತಿದ್ದ ಸೆಂಟ್ರಲ್ ಲಾಕಿಂಗಿನಲ್ಲಿ ಮೋಟಾರಿಲ್ಲ, ರಿಲೇ ಇಲ್ಲ. ಇರುವುದು ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಗಳು, ರಬ್ಬರಿನ ಮೊಣಕೈಗಳು ಮತ್ತು ಪ್ರತಿ ಬೀಗದ ಹಿಂದೆ ಒಂದು ರಬ್ಬರ್ ಪೊರೆಯ ಡಬ್ಬಿ. ಕೆಲಸವೆಲ್ಲ ವ್ಯಾಕ್ಯೂಮಿನದು.

ಪೆಟ್ರೋಲ್ ಎಂಜಿನ್ನು ಉಸಿರೆಳೆಯುವಾಗ ಇನ್‌ಟೇಕ್ ಕೊಳವೆಯಲ್ಲಿ ತಾನಾಗಿಯೇ ವ್ಯಾಕ್ಯೂಮ್ ಹುಟ್ಟುತ್ತದೆ. ಡೀಸೆಲ್ಲಿಗೆ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದ್ದರಿಂದ ಆ ಸೌಲಭ್ಯವೂ ಇಲ್ಲ. ಅದಕ್ಕೇ ಎಂಜಿನ್ನಿನಿಂದಲೇ ಓಡುವ ಪ್ರತ್ಯೇಕ ಪಂಪನ್ನು ಕೂರಿಸಿದರು. ಬ್ರೇಕಿಗೆ ಹೋಗುವ ದಪ್ಪ ಕೊಳವೆಯಿಂದ ಸಣ್ಣ ಕವಲುಗಳು ಹೊರಟವು: ಒಂದು ಬೀಗಗಳಿಗೆ, ಇನ್ನೊಂದು ಎಂಜಿನ್ ನಿಲ್ಲಿಸುವುದಕ್ಕೆ. ಡೀಸೆಲ್ಲಿನಲ್ಲಿ ಸ್ಪಾರ್ಕ್ ಇಲ್ಲ, ಕರೆಂಟು ಕಡಿದರೆ ಅದು ನಿಲ್ಲದು, ಇಂಧನವನ್ನೇ ತಡೆಯಬೇಕು. ಕೀಲಿ ತಿರುಗಿದಾಗ ವ್ಯಾಕ್ಯೂಮ್ ಇಂಜೆಕ್ಷನ್ ಪಂಪಿನ ಪೊರೆಯೊಂದನ್ನು ಎಳೆಯುತ್ತದೆ, ಇಂಧನ ನಿಲ್ಲುತ್ತದೆ. ಬಾಗಿಲಲ್ಲಿ ಸೋರಿದರೆ ಆ ಎಳೆತ ಬಡವಾಗುತ್ತದೆ, ಎಂಜಿನ್ನು ಹಟ ಹಿಡಿಯುತ್ತದೆ. ಅಂಥ ಹೊತ್ತಿಗೆಂದು ಎಂಜಿನ್ನಿನ ಮೇಲೆ 'ಸ್ಟಾಪ್' ಎಂದು ಬರೆದ ಒಂದು ಸನ್ನೆಕೋಲನ್ನೂ ಇಟ್ಟಿದ್ದಾರೆ. ವ್ಯವಸ್ಥೆ ಕೈಕೊಟ್ಟ ದಿನವನ್ನೂ ನೆನೆದು ಕಟ್ಟಿದವರ ವಿವೇಕವಿದು.

ಈ ವ್ಯಾಕ್ಯೂಮಿಗೆ ಸ್ವಂತ ಬಲವಿಲ್ಲ ಎಂಬುದೇ ನನಗೆ ತುಂಬ ಇಷ್ಟವಾದ ಸಂಗತಿ. ಎಳನೀರಿಗೆ ಸ್ಟ್ರಾ ಇಟ್ಟು ಹೀರುವಾಗ ನೀರನ್ನು ಮೇಲೆ ತಳ್ಳುವುದು ನಮ್ಮ ಬಾಯಲ್ಲ, ಹೊರಗಿನ ಗಾಳಿ. ಇಲ್ಲಿಯೂ ಅಷ್ಟೆ: ಬೀಗವನ್ನು ಸರಿಸುವುದು ಆಕಾಶದ ಭಾರ. ನಾಲ್ಕು ಸೆಂಟಿಮೀಟರ್ ಅಗಲದ ದುಂಡು ಪೊರೆಯೊಂದರ ಎರಡು ಬದಿಗಳ ನಡುವೆ 500 ಮಿಲಿಮೀಟರ್ ಪಾದರಸದಷ್ಟು ಒತ್ತಡದ ವ್ಯತ್ಯಾಸ ಬಿದ್ದರೆ ಹುಟ್ಟುವ ಬಲ ಎಂಟು ಕಿಲೋ ತೂಕಕ್ಕೂ ಮಿಕ್ಕದ್ದು. ಮಂಗಳೂರಿನ ಕಡಲತಡಿಯಲ್ಲಿ ಗಾಳಿಯ ಒತ್ತಡ ಸುಮಾರು 760 ಮಿಲಿಮೀಟರ್. ಕಡಲಿಗಿಂತ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಅದು 680ರ ಆಸುಪಾಸು. ಅದೇ ಕಾರಿನ ಅದೇ ಪಂಪಿಗೆ ಘಟ್ಟ ಹತ್ತಿದ ಮೇಲೆ ಸಿಗುವ ಬಂಡವಾಳ ಹತ್ತರಲ್ಲಿ ಒಂದು ಪಾಲು ಕಡಿಮೆ. ಆದ್ದರಿಂದ ವ್ಯಾಕ್ಯೂಮ್ ಅಳೆಯುವ ಗೇಜಿನ ಮುಳ್ಳನ್ನು ಓದುವವನಿಗೆ ತಾನು ನಿಂತ ನೆಲದ ಎತ್ತರವೂ ಗೊತ್ತಿರಬೇಕು.

ಎಲ್ಲ ಸರಿಯಿದ್ದಾಗ ಕೇಳಬೇಕು ಆ ಸದ್ದನ್ನು. ಚಾಲಕನ ಬಾಗಿಲಲ್ಲಿ ಕೀಲಿ ತಿರುಗಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೆತ್ತನೆಯ ಒಂದು ಉಸಿರು, ಅದರ ಬೆನ್ನಿಗೆ ಬಾಗಿಲುಗಳ ಗುಂಡಿಗಳು ಒಂದಾದಮೇಲೊಂದು ಇಳಿಯುವ ತಣ್ಣನೆಯ ಸಪ್ಪಳ. ಡಿಕ್ಕಿಯೂ ಇಂಧನದ ಮುಚ್ಚಳವೂ ಜೊತೆಗೇ ಬೀಗಗೊಳ್ಳುತ್ತವೆ. ಎಂಜಿನ್ ನಿಂತಿದ್ದರೂ ಇದು ನಡೆಯುತ್ತದೆ, ಏಕೆಂದರೆ ಒಂದು ಪುಟ್ಟ ತೊಟ್ಟಿ ವ್ಯಾಕ್ಯೂಮನ್ನು ಕೂಡಿಟ್ಟಿರುತ್ತದೆ, ಒಂದು ಏಕಮುಖ ಕವಾಟ ಅದನ್ನು ಕಾಯುತ್ತದೆ.

ಈಗ ದೋಷಗಳ ಸರದಿ. ಎಂಜಿನ್ ಓಡುವಾಗ ಬೀಗ ಚುರುಕು, ನಿಂತ ಮೇಲೆ ಸತ್ತಂತೆ: ತೊಟ್ಟಿಯೋ ಕವಾಟವೋ ಹಿಡಿದಿಡುತ್ತಿಲ್ಲ. ಸಂಜೆ ಸರಿಯಿತ್ತು, ಬೆಳಗ್ಗೆ ಇಲ್ಲ: ಸೋರಿಕೆ ಸಣ್ಣದು, ರಾತ್ರಿಯಿಡೀ ನಡೆದದ್ದು. ಬೀಗ ಬೀಳುತ್ತದೆ, ತೆರೆಯುವುದಿಲ್ಲ: ಹಾಕಲು ಒಂದು ಕೊಳವೆ, ತೆಗೆಯಲು ಇನ್ನೊಂದು ಇರುವುದರಿಂದ ಸೋತ ದಿಕ್ಕಿನ ಕೊಳವೆಯ ಕಡೆಗೆ ಮೊದಲ ನೋಟ. ಎರಡೂ ದಿಕ್ಕಿನಲ್ಲಿ ಸೋತರೆ ಪೊರೆಯೇ ಹರಿದಿರಬೇಕು, ಇಲ್ಲವೇ ಮೂಲವೇ ಬಡವಾಗಿರಬೇಕು. ಬೀಗಗಳಿಗೆ ಹೋಗುವ ಕವಲನ್ನು ಕಳಚಿ ಬಾಯಿ ಮುಚ್ಚಿ ನೋಡಿ. ಎಂಜಿನ್ನು ಈಗ ಥಟ್ಟನೆ ನಿಂತರೆ ಕಳ್ಳ ಬಾಗಿಲುಗಳಲ್ಲೇ ಇದ್ದಾನೆ. ಮುಂದಿನದು ಗೇಜಿರುವ ಕೈಪಂಪಿನ ಕೆಲಸ. ಒಂದೊಂದೇ ಬಾಗಿಲಿನ ಕೊಳವೆಗೆ ಅದನ್ನು ಸಿಕ್ಕಿಸಿ ವ್ಯಾಕ್ಯೂಮ್ ಎಳೆದು ಕಾದರೆ, ಗಟ್ಟಿಯಿರುವ ಕಡೆ ಮುಳ್ಳು ನಿಂತಲ್ಲೇ ನಿಲ್ಲುತ್ತದೆ, ಸೋರುವ ಕಡೆ ಜಾರುತ್ತದೆ. ಹೆಚ್ಚಿನ ಸಲ ಕೊನೆಗೆ ಕೈಗೆ ಬರುವುದು ಬಿರುಕು ಬಿಟ್ಟ ಒಂದು ರಬ್ಬರ್ ಮೊಣಕೈ ಅಥವಾ ನಾಲ್ಕು ದಶಕದಲ್ಲಿ ಮೆತ್ತಗಿನ ಗುಣ ಕಳೆದುಕೊಂಡ ಪೊರೆ. ಪ್ಲಾಸ್ಟಿಕ್ ಕೊಳವೆ ಬಹುಪಾಲು ಹಾಗೆಯೇ ಚೆನ್ನಾಗಿರುತ್ತದೆ.

ಇದೇ ಕಾರಿನ ವಿದ್ಯುತ್ ಭಾಗಕ್ಕೂ ಇದೇ ಘನತೆ. ಬಾನೆಟ್ಟಿನ ಕೆಳಗಿನ ಫ್ಯೂಸ್ ಡಬ್ಬಿ ತೆರೆದರೆ ಎರಡೂ ತುದಿ ಚೂಪಾದ ಫ್ಯೂಸುಗಳು ಸಾಲಾಗಿ ಕೂತಿರುತ್ತವೆ: ಬಿಳಿಯದು 8 ಆಂಪಿಯರ್, ಕೆಂಪು 16. ಲೋಹದ ಪಟ್ಟಿ ಹೊರಗೇ ಕಾಣುತ್ತದೆ. ಸುಟ್ಟಿದೆಯೋ ಇಲ್ಲವೋ ಕಣ್ಣೇ ಹೇಳುತ್ತದೆ. ಸುಡದೆಯೂ ಅದು ಕೆಲಸ ಬಿಡುವುದುಂಟು. ಚೂಪು ತುದಿ ಕ್ಲಿಪ್ಪನ್ನು ಮುಟ್ಟುವಲ್ಲಿ ತೆಳುವಾದ ಪದರವೊಂದು ಬೆಳೆದು ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಬೆರಳಿನಿಂದ ಫ್ಯೂಸನ್ನು ಕೂತಲ್ಲೇ ಒಂದೆರಡು ಸುತ್ತು ತಿರುಗಿಸಿ. ಪದರ ಉಜ್ಜಿಹೋಗಿ ವೈಪರ್ ಓಡುತ್ತದೆ, ಹಾರ್ನ್ ಬಾಯಿಬಿಡುತ್ತದೆ. ಹಳೆಯ ಅಲ್ಯೂಮಿನಿಯಂ ಪಟ್ಟಿಯ ಫ್ಯೂಸುಗಳಿಗೆ ಬದಲು ತಾಮ್ರದವನ್ನು ಹಾಕಿ ಕ್ಲಿಪ್ಪುಗಳನ್ನು ಶುಚಿ ಮಾಡಿದರೆ ಅರ್ಧ ಕಾಯಿಲೆಗಳು ಮಾಯ.

ಜರ್ಮನ್ ವೈರಿಂಗಿನ ಇನ್ನೊಂದು ಚೆಲುವು ಅದರ ಸಂಖ್ಯೆಗಳು. 30 ಎಂದರೆ ಬ್ಯಾಟರಿಯಿಂದ ಸದಾ ಬರುವ ಕರೆಂಟು, 15 ಎಂದರೆ ಕೀಲಿ ತಿರುಗಿದಾಗ ಮಾತ್ರ ಬರುವುದು, 31 ಎಂದರೆ ಅರ್ಥ್ (ಕರೆಂಟು ಬ್ಯಾಟರಿಗೆ ಮರಳುವ ದಾರಿ), 50 ಎಂದರೆ ಸ್ಟಾರ್ಟರ್. ಇದನ್ನು ಬಲ್ಲವನು ಎಂದೂ ನೋಡಿರದ ಕಾರಿನ ರಿಲೇಯ ತಳವನ್ನು ತಿರುಗಿಸಿ, ಯಾವ ಕಾಲಿನಲ್ಲಿ ಏನಿರಬೇಕೆಂದು ಓದಬಲ್ಲ.

ಎಲ್ಲಕ್ಕಿಂತ ರಸವತ್ತಾದದ್ದು ಅರ್ಥ್ ದೋಷ. ಅಂಬಾಸಿಡರ್ ಆಗಲಿ, ಪದ್ಮಿನಿಯಾಗಲಿ, ಯಾವ ಹಳೆಯ ಕಾರಾದರೂ ಸರಿ. ಎಡ ಹಿಂಬದಿಯ ದೀಪಗುಚ್ಛದ ಅರ್ಥ್ ತುಕ್ಕು ಹಿಡಿದು ಬಿಟ್ಟುಹೋಗಿದೆ ಎನ್ನಿ. ಹೆಡ್‌ಲೈಟ್ ಆರಿಸಿ ಬ್ರೇಕ್ ಒತ್ತಿ. ಎಡಗಡೆಯ 21 ವ್ಯಾಟಿನ ಬ್ರೇಕ್ ದೀಪ ಹೊತ್ತುವುದಿಲ್ಲ. ಅದರ ಬದಲು ಹಾಕದೇ ಇರುವ 5 ವ್ಯಾಟಿನ ಟೈಲ್ ದೀಪಗಳು ಮಂಕಾಗಿ ಬೆಳಗುತ್ತವೆ! ಇಲ್ಲಿ ಯಾವ ಮಾಯೆಯೂ ಇಲ್ಲ. ಮನೆಗೆ ಮರಳುವ ಹತ್ತಿರದ ದಾರಿ ಮುಚ್ಚಿದ್ದರಿಂದ ಕರೆಂಟು ಟೈಲ್ ದೀಪದ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಬಲಗಡೆಯ ದೀಪದ ಮೂಲಕ ಅರ್ಥ್ ಸೇರುತ್ತದೆ. 5 ವ್ಯಾಟಿನ ದೀಪದ ಪ್ರತಿರೋಧ ಸುಮಾರು 29 ಓಮ್, 21 ವ್ಯಾಟಿನದು ಕೇವಲ 7. ಒಂದೇ ಸಾಲಿನಲ್ಲಿ ಸೇರಿದಾಗ ವೋಲ್ಟೇಜಿನ ಸಿಂಹಪಾಲು ಸಣ್ಣ ದೀಪಗಳಿಗೇ ಹೋಗುತ್ತದೆ, ದೊಡ್ಡದು ಕತ್ತಲಲ್ಲಿ ಉಳಿಯುತ್ತದೆ. ಓಮನ ನಿಯಮವನ್ನು ಇಷ್ಟು ಚೆಂದವಾಗಿ ಕಣ್ಣಿಗೆ ಕಟ್ಟುವ ಪ್ರಯೋಗ ಶಾಲೆಯಲ್ಲೂ ಸಿಕ್ಕುವುದು ಅಪರೂಪ.

ಅರ್ಥ್ ದೋಷ ಹುಡುಕಲು ಬೆಲೆಬಾಳುವ ಉಪಕರಣ ಬೇಕಿಲ್ಲ, ತಿಳಿವಳಿಕೆ ಬೇಕು. ಕಿಲುಬು ಹಿಡಿದು ಪ್ರತಿರೋಧ ಹೆಚ್ಚಿದ ವೈರಿನ ತುದಿಗೆ ಡಿಜಿಟಲ್ ಮೀಟರ್ ಇಟ್ಟರೆ ಅದು 12 ವೋಲ್ಟ್ ಎಂದೇ ತೋರಿಸುತ್ತದೆ, ಏಕೆಂದರೆ ಮೀಟರು ಕೇಳುವ ಕರೆಂಟು ಏನೇನೂ ಅಲ್ಲ. ಅಲ್ಲೇ 21 ವ್ಯಾಟಿನ ಬಲ್ಬೊಂದನ್ನು ಹಿಡಿಯಿರಿ, ಅದು ಮಂಕಾಗಿ ಸತ್ಯ ಹೇಳುತ್ತದೆ. ಮೀಟರಿನಿಂದಲೇ ತಿಳಿಯಬೇಕೆಂದರೆ ದೀಪ ಉರಿಯುತ್ತಿರುವಾಗ ಅದರ ಅರ್ಥ್ ತುದಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಬೇಕು. ಹೆಚ್ಚೆಂದರೆ ವೋಲ್ಟಿನ ಹತ್ತರಲ್ಲಿ ಒಂದೆರಡು ಪಾಲು ಇರಬಹುದು. ಅದಕ್ಕೂ ಮಿಕ್ಕಿದರೆ ದಾರಿಯಲ್ಲೆಲ್ಲೋ ತುಕ್ಕೋ ಕಿಲುಬೋ ಇದೆ. ಕರಾವಳಿಯ ಕಾರುಗಳಲ್ಲಿ ಹಸಿರು ಕಿಲುಬು ವೈರಿನ ಹೊದಿಕೆಯೊಳಗೂ ನುಸುಳಿರುತ್ತದೆ. ಅಲ್ಲಿ ಬರೀ ತುದಿ ಉಜ್ಜಿದರೆ ಸಾಲದು. ತಾಮ್ರದ ಹೊಳಪು ಕಾಣುವವರೆಗೆ ಕತ್ತರಿಸಬೇಕು.

ತೊಂಬತ್ತರ ದಶಕದಿಂದೀಚೆಗೆ ನಮ್ಮ ರಸ್ತೆಗಳಿಗೆ ಬಂದ ಸೆಂಟ್ರಲ್ ಲಾಕಿಂಗ್ ಬಹುಮಟ್ಟಿಗೆ ವಿದ್ಯುತ್ತಿನದು. ಕಾರ್ಖಾನೆಯಲ್ಲಿ ಸಿಗದವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಾಕಿಸಿಕೊಂಡರು. ಅದರ ಜಾಣ್ಮೆಯೂ ಕಡಿಮೆಯದಲ್ಲ. ಪ್ರತಿ ಬಾಗಿಲ ಪುಟ್ಟ ಮೋಟಾರಿಗೆ ಎರಡೇ ವೈರು; ವಿಶ್ರಾಂತಿಯಲ್ಲಿ ಎರಡೂ ಅರ್ಥ್‌ಗೆ ಸೇರಿರುತ್ತವೆ. ಒಂದಕ್ಕೆ ಕ್ಷಣಕಾಲ 12 ವೋಲ್ಟ್ ಕೊಟ್ಟರೆ ಬೀಗ ಬಿತ್ತು, ಮತ್ತೊಂದಕ್ಕೆ ಕೊಟ್ಟರೆ ತೆರೆಯಿತು. ಚಾಲಕನ ಬಾಗಿಲಿಗೆ ಮಾತ್ರ ಐದು ವೈರು, ಏಕೆಂದರೆ ಬೀಗದ ಸ್ಥಿತಿಯನ್ನು ಕಂಟ್ರೋಲ್ ಡಬ್ಬಿಗೆ ತಿಳಿಸುವ ಸ್ವಿಚ್ಚೂ ಅದರೊಳಗಿದೆ. ಕೀಲಿಗೆ ಯಾವ ಬಾಗಿಲೂ ಓಗೊಡದೆ, ರಿಲೇಯ ಟಕ್ ಸದ್ದೂ ಇಲ್ಲದಿದ್ದರೆ, ಮೊದಲು ಫ್ಯೂಸು ನೋಡಿ. ಆಮೇಲೆ ಚಾಲಕನ ಬಾಗಿಲಿನ ಕೀಲಿನ ಬಳಿಯ ರಬ್ಬರ್ ತೋಳನ್ನು ಹಿಂದೆ ಸರಿಸಿ. ಬಾಗಿಲು ತೆರೆದಾಗಲೆಲ್ಲ ಬಾಗಿ ಬಾಗಿ ದಣಿದ ವೈರು ಅಲ್ಲೇ ತುಂಡಾಗಿರುವ ಸಂಭವ ಹೆಚ್ಚು. ಅರೆ ತೆರೆದಾಗ ಕೆಲಸ ಮಾಡಿ ಮುಚ್ಚಿದಾಗ ಮಾಡದಿದ್ದರೆ ಅನುಮಾನವೇ ಬೇಡ. ಟಕ್ ಎಂಬ ಸದ್ದು ಬಂದು ಒಂದೇ ಬಾಗಿಲು ಸುಮ್ಮನಿದ್ದರೆ ತೊಂದರೆ ಆ ಬಾಗಿಲಿನೊಳಗೇ.

ಇಂಥ ಕಡೆ ನಮ್ಮ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತೊಂದಿದೆ: 'ಡೈರೆಕ್ಟ್ ಕೊಟ್ಟುಬಿಡೋಣ ಸಾರ್.' ತುಂಡಾದ ವೈರನ್ನು ಹುಡುಕುವ ಬದಲು ಬ್ಯಾಟರಿಯಿಂದ ಹೊಸದೊಂದನ್ನು ಎಳೆದು ಟೇಪು ಸುತ್ತುವುದು ಅದರ ಅರ್ಥ. ದೀಪ ಅಂದು ಹೊತ್ತುತ್ತದೆ ನಿಜ. ಆದರೆ ಫ್ಯೂಸಿನ ಕಾವಲಿಲ್ಲದ ಆ ವೈರು ನಾಳೆ ಉಜ್ಜಿ ಶಾರ್ಟ್ ಆದರೆ ಬೆಂಕಿಗೆ ದಾರಿ. ಕೀಲಿ ತೆಗೆದ ಮೇಲೂ ಅರ್ಧ ಆಂಪಿಯರ್ ಹೀರುವ ಏನನ್ನೋ ಅದು ಜೀವಂತ ಇಟ್ಟರೆ 40 ಆಂಪಿಯರ್-ಅವರ್ ಬ್ಯಾಟರಿ ಮೂರೂವರೆ ದಿನದೊಳಗೆ ಖಾಲಿ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಕ್ಷೆಯಲ್ಲಿ ಇಲ್ಲದ ಒಂದು ವೈರು ಸೇರಿದ ಕೂಡಲೇ ಇಡೀ ನಕ್ಷೆ ಸುಳ್ಳಾಗುತ್ತದೆ.

ಹಳೆಯ ಕಾರಿನ ದೋಷಕ್ಕೆ ಒಂದು ವಿಳಾಸವಿದೆ. ಅಳೆಯುತ್ತ ಹೋದರೆ ಸಿಕ್ಕೇ ಸಿಗುತ್ತದೆ. ಆ ವಿಳಾಸವನ್ನು ಉಳಿಸಿದ್ದು ಕಟ್ಟಿದವರ ಶಿಸ್ತು ಮಾತ್ರವಲ್ಲ, ನಡುವೆ ಕೈಹಾಕಿದ ಪ್ರತಿಯೊಬ್ಬ ರಿಪೇರಿಗಾರನ ಪ್ರಾಮಾಣಿಕತೆಯೂ ಹೌದು. ಆದ್ದರಿಂದ ಹಳೆಯ ಕಾರು ಇಟ್ಟುಕೊಂಡವರು ವೈರಿಂಗ್ ನಕ್ಷೆಯ ಒಂದು ಪ್ರತಿಯನ್ನು ಕಾರಿನಲ್ಲೇ ಇಡಲಿ. ಬದಲಿಸಬೇಕಾದ ವೈರಿಗೆ ಅದೇ ಬಣ್ಣದ, ಅದೇ ದಪ್ಪದ ವೈರನ್ನೇ ಕೇಳಲಿ, ಅನಿವಾರ್ಯವಾಗಿ ಮಾಡಿದ ಬದಲಾವಣೆಯನ್ನು ನಕ್ಷೆಯ ಮೇಲೆ ಬರೆಸಲಿ. ಮುಂದೆ ಆ ಬಾಗಿಲ ಹಲಗೆ ಬಿಚ್ಚುವವನು ಯಾರೋ ಗೊತ್ತಿಲ್ಲ. ಅವನಿಗೂ ದಾರಿ ಸಿಗಬೇಕು.