‘ಪ್ರಕಟಣೆಗೆ ಯೋಗ್ಯವಲ್ಲ’

ಬೆಣ್ಣೆಹಳ್ಳದ ದಂಡೆಯ ಒಂದು ಊರು. ಅಲ್ಲಿ ನಮ್ಮ ಕೇರಿಯವರಿಗೆ ಹೆಣ ಹೂಳಲು ಜಾಗವಿಲ್ಲ. ಇದನ್ನು ರೋಣ, ನರಗುಂದ, ಗಜೇಂದ್ರಗಡದ ಐದಾರು ಗೆಳೆಯರು ಸೇರಿ ಬರೆದೆವು. ‘ನಿಮ್ಮ ಊರಿನ ಸುದ್ದಿ ನೀವೇ ಬರೆಯಿರಿ’ ಎಂದು ಓದುಗರನ್ನು ಕರೆಯುವ ಒಂದು ಪತ್ರಿಕೆಗೆ ಕಳಿಸಿದೆವು. ಬರಲಿಲ್ಲ. ತಿದ್ದಿ ಮತ್ತೆ ಕಳಿಸಿದೆವು. ಬರಲಿಲ್ಲ. ಕಡೆಗೆ ಹೋಗಿ ಕೇಳಿದೆವು. ‘ತಮ್ಮಾ, ಇದು ಪ್ರಕಟಣೆಗೆ ಯೋಗ್ಯ ಇಲ್ಲ’ ಅಂದರು. ಅದೇ ವಾರ ಅದೇ ಊರಿನ ತೇರಿನ ಫೋಟೋ ಬಂದಿತ್ತು. ಕಳಿಸಿದವನೂ ನಮ್ಮ ಹಾಗೆ ಓದುಗನೇ.

ತೇರು ಬರಬಾರದು ಅಂತ ನಾವು ಅನ್ನುವುದಿಲ್ಲ. ತೇರಿನ ಹಗ್ಗ ಮುಟ್ಟಲು ಯಾರನ್ನು ಬಿಡುತ್ತಾರೆ, ಯಾರನ್ನು ಬಿಡುವುದಿಲ್ಲ, ಅದೂ ಬರಲಿ ಅನ್ನುತ್ತೇವೆ.

ಈ ‘ಯೋಗ್ಯ’ ಎಂಬ ಮಾತನ್ನು ಬಿಡಿಸಿ ನೋಡಬೇಕು. ಒತ್ತಿ ಕೇಳಿದ ಮೇಲೆ ಅವರು ಕೊಟ್ಟ ಕಾರಣಗಳು ಮೂರು.

ಮೊದಲನೆಯದು, ಭಾಷೆ ಗ್ರಾಮ್ಯ. ‘ಐತಿ’, ‘ಹುಗಿತೀವಿ’, ‘ಉಳಿಯಂಗಿಲ್ಲ’ ಪತ್ರಿಕೆಯ ಕನ್ನಡ ಅಲ್ಲವಂತೆ. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿ ಹಾಡಿದರು, ಅದು ಕಾವ್ಯವಾಯಿತು, 1973ರಲ್ಲಿ ಜ್ಞಾನಪೀಠವೂ ಬಂತು. ದೇವನೂರ ಮಹಾದೇವರು ನಂಜನಗೂಡು ಸೀಮೆಯ ಮಾತಿನಲ್ಲಿ ‘ಕುಸುಮಬಾಲೆ’ ಬರೆದರು, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹಾಗಾದರೆ ಹಳ್ಳಿ ಮಾತಿಗೆ ಬಾಗಿಲು ಮುಚ್ಚಿಲ್ಲ. ಆದರೂ ನಾವು ತಿದ್ದಿ ಕೊಟ್ಟೆವು: ‘ಶವಸಂಸ್ಕಾರಕ್ಕೆ ಸ್ಥಳಾವಕಾಶದ ಕೊರತೆ’. ಆಗಲೂ ಬರಲಿಲ್ಲ. ಮಾತನ್ನು ಎಷ್ಟು ತೊಳೆದರೂ ಒಳಗಿನ ಸುದ್ದಿ ಅದೇ ಉಳಿಯಿತಲ್ಲ!

ಎರಡನೆಯದು, ಇದು ಒಂದು ಊರಿನ ಖಾಸಗಿ ದೂರು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಬೇಡ ಎಂದು ಕೂಗಿದಾಗ ಅದೂ ಒಂದೆರಡು ತಾಲೂಕಿನ ದೂರೇ ಆಗಿತ್ತು. 1980ರ ಜುಲೈ 21ರಂದು ನರಗುಂದದಲ್ಲಿ ಪೊಲೀಸರ ಗುಂಡು ಹಾರಿತು. ಈರಪ್ಪ ಕಡ್ಲಿಕೊಪ್ಪ ಸತ್ತರು. ಆಮೇಲೆ ಅದು ಇಡೀ ರಾಜ್ಯದ ರೈತ ಚಳವಳಿಯಾಯಿತು. ಹೊಲ ಇದ್ದವನ ದೂರು ಕೇಳಿಸಬೇಕಾದರೆ ಒಂದು ಹೆಣ ಬೀಳಬೇಕಾಯಿತು. ಹೆಣಕ್ಕೂ ಆರಡಿ ಮೂರಡಿ ನೆಲ ಇಲ್ಲದವನ ದೂರು ಕೇಳಿಸಬೇಕಾದರೆ ಇನ್ನೇನು ಬೀಳಬೇಕು?

ಮೂರನೆಯದು, ಇದರಲ್ಲಿ ಕಲೆ ಇಲ್ಲ, ಬರೀ ಕೂಗು. ಇದು ನಮಗೆ ಹೊಸದಲ್ಲ. 1920ರ ಜನವರಿಯಲ್ಲಿ ಬಾಬಾಸಾಹೇಬರು ‘ಮೂಕನಾಯಕ’ ಹೊರಡಿಸಿದರು. ನಮ್ಮ ಈ ಸೀಮೆಯೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಣ ಕೊಡುತ್ತೇವೆ, ಜಾಹೀರಾತು ಹಾಕಿರಿ ಎಂದರೂ ತಿಲಕರ ‘ಕೇಸರಿ’ ಹಾಕಲಿಲ್ಲ. ಜಾಹೀರಾತಿನಲ್ಲೂ ಕಲೆ ಹುಡುಕಿದರೇನು? 1979ರ ಧರ್ಮಸ್ಥಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿದರೆ ಪರಿಷತ್ತು ಒಪ್ಪಲಿಲ್ಲ. ನಮ್ಮ ಹಿರಿಯರು ಬೆಂಗಳೂರಿನಲ್ಲಿ ತಮ್ಮದೇ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಸಿದರು. 2023ರ ಜನವರಿಯಲ್ಲಿ ಪಕ್ಕದ ಹಾವೇರಿಯ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರನ್ನು ಕೈಬಿಟ್ಟರು ಎಂಬ ತಕರಾರು ಎದ್ದಿತು. ಬೆಂಗಳೂರಿನಲ್ಲಿ ಮತ್ತೆ ಬೇರೆಯಾಗಿ ಜನಸಾಹಿತ್ಯ ಸಮ್ಮೇಳನ ಮಾಡಬೇಕಾಯಿತು. ಬರಹ ಓದುವ ಮೊದಲೇ ಬರೆದವನನ್ನು ಓದಿಬಿಡುತ್ತಾರೆ. ಕಲೆಯ ಮಾತು ಆಮೇಲೆ ಬರುತ್ತದೆ.

ಇಷ್ಟು ಹೇಳಿ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಾವು ಬರೆದದ್ದೆಲ್ಲ ಚಿನ್ನ ಅಲ್ಲ. ‘ಕ್ರಾಂತಿ’ ಎಂದು ಹತ್ತು ಸಲ ಬರೆದು ಪದ್ಯ ಅಂದವರು ನಮ್ಮಲ್ಲೂ ಇದ್ದಾರೆ. ನಮ್ಮವರೆಂಬ ಒಂದೇ ಕಾರಣಕ್ಕೆ ಅಂಥವನ್ನು ಅಚ್ಚು ಹಾಕಿಸಿದ್ದೇವೆ. ಗಜೇಂದ್ರಗಡದ ಒಬ್ಬ ನೇಕಾರ ಹೆಣ್ಣುಮಗಳು ಒಂದು ಪದ್ಯ ಕೊಟ್ಟಳು. ದಿನವಿಡೀ ಮಗ್ಗದ ಕುಣಿಯಲ್ಲಿ ಇಳಿಬಿಟ್ಟ ಕಾಲು ರಾತ್ರಿ ಹಾಸಿಗೆಯಲ್ಲೂ ಮಗ್ಗ ತುಳಿಯುವ ಪದ್ಯ. ‘ಇದರಾಗ ಹೋರಾಟ ಇಲ್ಲವ್ವಾ’ ಎಂದು ನಾವೇ ಹಿಂದಕ್ಕೆ ಕೊಟ್ಟೆವು. ಆಕೆ ಮತ್ತೆ ಏನೂ ಬರೆದು ಕೊಡಲಿಲ್ಲ. ಆ ಪತ್ರಿಕೆಯವರು ನಮಗೆ ಮಾಡಿದ್ದಕ್ಕೂ ನಾವು ಆಕೆಗೆ ಮಾಡಿದ್ದಕ್ಕೂ ಏನು ಫರಕು? ಅವರ ಅಳತೆಗೋಲು ಕಿತ್ತುಕೊಂಡು ನಾವು ಹಿಡಿದರೆ ಬಂಡಾಯ ಆಗುವುದಿಲ್ಲ.

ಆದ್ದರಿಂದ ನಾವು ಎಲ್ಲ ಬರಹವನ್ನೂ ಹಾಕಿರಿ ಎಂದು ಕೇಳುವುದಿಲ್ಲ. ಹಾಕದಿದ್ದರೆ ಯಾಕೆ ಎಂದು ಬರೆಯಿರಿ. ಸುಳ್ಳು ಅನ್ನಿಸಿದರೆ ಊರಿಗೆ ಬಂದು ನೋಡಿರಿ, ಹಳ್ಳದ ದಂಡೆಗೆ ನಾವೇ ಕರೆದುಕೊಂಡು ಹೋಗುತ್ತೇವೆ. ಪದ್ಯ ಕೆಟ್ಟಿದ್ದರೆ ಯಾವ ಸಾಲು ಕೆಟ್ಟಿದೆ ಹೇಳಿರಿ, ತಿದ್ದಿಕೊಳ್ಳುತ್ತೇವೆ. ಕಾರಣ ಹೇಳಿದರೆ ಅದು ವಿಮರ್ಶೆ. ಕಾರಣ ಹೇಳದೆ ಹಿಂದಕ್ಕೆ ಕಳಿಸಿದರೆ, ಹೋಟೆಲಿನಲ್ಲಿ ನಮಗೆ ಬೇರೆ ಕಪ್ಪು ಇಟ್ಟ ಹಾಗೆ.

ಗಜೇಂದ್ರಗಡದ ಆ ತಂಗಿಯ ಮನೆಗೆ ನಾವೇ ಹೋಗುತ್ತೇವೆ. ತಪ್ಪಾಯಿತು ಎನ್ನುತ್ತೇವೆ. ಪದ್ಯ ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಹಿಂದಕ್ಕೆ ಬಂದ ನಮ್ಮ ಕಾಗದವನ್ನು ತೊಳೆಯದೆ, ಮೊದಲು ಬರೆದ ಹಾಗೇ ಇಲ್ಲಿ ಕೊಡುತ್ತೇವೆ:

‘ನಮ್ಮ ಊರಾಗ ನಮಗ ಹೆಣ ಹುಗಿಯಾಕ ಜಾಗ ಇಲ್ರಿ. ಹಳ್ಳದ ದಂಡಿಗೆ ಹುಗಿತೀವಿ. ಮಳಿಗಾಲದಾಗ ಹಳ್ಳ ಬಂದ್ರ ಮಣ್ಣು ಉಳಿಯಂಗಿಲ್ಲ. ಅಪ್ಪನ್ನ ಎಲ್ಲಿ ಇಟ್ಟೀವಿ, ಅಜ್ಜನ್ನ ಎಲ್ಲಿ ಇಟ್ಟೀವಿ, ಗುರ್ತು ಸಿಗಂಗಿಲ್ಲ. ಊರಾಗ ಸರಕಾರಿ ಜಾಗ ಐತಿ. ನಮಗ ಒಂದೀಟು ಕೊಡ್ರಿ.’

ಓದುಗರೇ, ಇದರಲ್ಲಿ ಯಾವ ಮಾತು ಯೋಗ್ಯವಲ್ಲ, ನೀವೇ ಹೇಳಿರಿ.