ನಾಲ್ಕು ತಲೆ ಇದ್ದರೂ ಲೆಕ್ಕ ಬಾರದ ಡ್ರ್ಯಾಗನ್

ಡ್ರ್ಯಾಗನ್‌ಗೆ ಇನ್ನೊಂದು ತಲೆ ಅಂಟಿಸಿದರೆ ಹೊಸ ಪ್ರಾಣಿ ಹುಟ್ಟಿತು ಎನ್ನುವ ಪಂಗಡದ ಜೊತೆ ನನ್ನ ಜಗಳ ಎಷ್ಟು ಹಳೆಯದು ಎಂಬುದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ಈ ವಾರ ಅವರ ಮುದ್ದಿನ ಕೂಸು ಸ್ನ್ಯಾಪ್‌ಟ್ರ್ಯಾಪರ್‌ನ ಸರದಿ. ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಸಿನಿಮಾದ ಬೆನ್ನಿಗೇ 2011ರಲ್ಲಿ ಬಂದ ‘ಬುಕ್ ಆಫ್ ಡ್ರ್ಯಾಗನ್ಸ್’ ಕಿರುಚಿತ್ರದಲ್ಲಿ ಇದರ ದರ್ಶನವಾಗುತ್ತದೆ. ವೀನಸ್ ಫ್ಲೈಟ್ರ್ಯಾಪ್ ಗಿಡದಿಂದ ಎರವಲು ತಂದ ದವಡೆ, ನಾಲ್ಕು ತಲೆ, ಜೊತೆಗೆ ಚಾಕೊಲೇಟ್ ವಾಸನೆ. ಆ ವಾಸನೆಗೆ ಮಾತ್ರ ಪೂರ್ತಿ ಅಂಕ. ಬೇಟೆಯ ಹಿಂದೆ ಓಡದೆ ಬೇಟೆಯನ್ನೇ ಬಾಯಿಗೆ ಕರೆಸಿಕೊಳ್ಳುವ ಡ್ರ್ಯಾಗನ್, ಬೆಂಕಿ ಉಗುಳಿಸಿಯೇ ದಣಿದವರಿಗೆ ಹೊಳೆಯುವಂಥದ್ದಲ್ಲ.

ಆದರೆ ಗಿಡದ ಬುದ್ಧಿ ನಾಲ್ಕರಲ್ಲಿ ಒಂದು ತಲೆಗೂ ಬಂದಿಲ್ಲ. ಫ್ಲೈಟ್ರ್ಯಾಪ್‌ನ ಸೊಗಸಿರುವುದು ಕಚ್ಚುವುದರಲ್ಲಲ್ಲ, ತಡೆದುಕೊಳ್ಳುವುದರಲ್ಲಿ. ಎಲೆಯೊಳಗಿನ ಸೂಕ್ಷ್ಮ ರೋಮವನ್ನು ಹುಳ ಒಮ್ಮೆ ಸವರಿದರೆ ಗಿಡ ಸುಮ್ಮನಿರುತ್ತದೆ. ಸುಮಾರು 20 ಸೆಕೆಂಡಿನೊಳಗೆ ಇನ್ನೊಮ್ಮೆ ಸವರಿದರೆ ಮಾತ್ರ ಎಲೆ ಮುಚ್ಚುತ್ತದೆ. ಒಳಗೆ ಸಿಕ್ಕಿದ್ದು ಒದ್ದಾಡುತ್ತಲೇ ಇದ್ದರೆ ಆಮೇಲೆ ಜೀರ್ಣರಸ. ಕೆರೊಲಿನಾದ ಸಾರಜನಕ ಕಡಿಮೆಯಿರುವ ಜೌಗುನೆಲದಲ್ಲಿ ಹುಟ್ಟಿದ ಬಡಗಿಡವದು, ದುಂದು ಮಾಡಿದರೆ ಬದುಕಲಾರದು.

ಈ ಜಿಪುಣತನವನ್ನು ಡಾರ್ವಿನ್‌ನಷ್ಟು ಚೆನ್ನಾಗಿ ಯಾರೂ ಓದಲಿಲ್ಲ. 1875ರ ಅವನ ‘ಇನ್ಸೆಕ್ಟಿವರಸ್ ಪ್ಲಾಂಟ್ಸ್’ ನನಗೆ ಯಾವ ಡ್ರ್ಯಾಗನ್ ಕಾದಂಬರಿಗಿಂತಲೂ ರೋಚಕ. ಎಲೆಯಂಚಿನ ಮುಳ್ಳುಗಳು ಮೊದಲು ಸರಳುಗಳಂತೆ ಹೆಣೆದುಕೊಳ್ಳುತ್ತವೆ, ಆದರೆ ನಡುವೆ ಸಂದು ಉಳಿಯುತ್ತದೆ. ಏಕೆ? ಸಣ್ಣ ಹುಳ ನುಸುಳಿ ಹೋಗಲಿ, ಅದನ್ನು ಅರಗಿಸುತ್ತ ದಿನಗಟ್ಟಲೆ ಎಲೆಯನ್ನು ಮುಚ್ಚಿಟ್ಟರೆ ನಷ್ಟ ಗಿಡಕ್ಕೇ ಎಂಬುದು ಅವನ ಊಹೆ. ಊಹಿಸಿ ಬಿಡಲಿಲ್ಲ. ಅಮೆರಿಕದಿಂದ ಬೇಟೆ ಹಿಡಿದ ಎಲೆಗಳನ್ನೇ ತರಿಸಿಕೊಂಡು, ಬಿಡಿಸಿ ನೋಡಿದ. ಒಳಗಿದ್ದವು ಹೆಚ್ಚಾಗಿ ದೊಡ್ಡ ಹುಳಗಳೇ.

ಸ್ನ್ಯಾಪ್‌ಟ್ರ್ಯಾಪರ್‌ನ ದವಡೆಯ ಬಗ್ಗೆ ಇನ್ನೂ ಬರೆಯುವವನಿದ್ದೆ, ಬಿಡಿ. ಅದಕ್ಕಿಂತ ಭಯಂಕರ ಪ್ರಾಣಿ ನಮ್ಮ ಕರಾವಳಿಯ ಮುರಕಲ್ಲು ಬಯಲಿನಲ್ಲೇ ಇದೆ. ಮಳೆಗಾಲದಲ್ಲಿ ನೀರು ಜಿನುಗುವ ಕಡೆ ನೆಲಕ್ಕೆ ನೀಲಿ ಹೊದಿಸುವ ಯುಟ್ರಿಕ್ಯುಲೇರಿಯಾ ಎಂಬ ಗಿಡ. ಹೂವಿನ ಫೋಟೊ ತೆಗೆದುಕೊಂಡು ಹೋಗುವವರು ಬುಡದ ಕೆಸರನ್ನು ನೋಡುವುದಿಲ್ಲ. ಬಾಯಿಗಳಿರುವುದು ಅಲ್ಲಿ, ಸಾಸಿವೆಗಿಂತ ಸಣ್ಣ ಚೀಲಗಳಾಗಿ. ಚೀಲ ಒಳಗಿನ ನೀರನ್ನು ಹೊರಹಾಕಿ ಬಿಗಿಯಾಗಿ ಕಾಯುತ್ತದೆ. ನೀರಿನ ಜೀವಿಯೊಂದು ಬಾಗಿಲ ರೋಮಕ್ಕೆ ತಾಗಿತೋ, ಮಿಲಿಸೆಕೆಂಡಿನೊಳಗೆ ನೀರಿನ ಸಮೇತ ಒಳಗೆ. ಪ್ರಾಣಿಯೇ ತಲೆಯಿಂದ ಬಾಗಿಲು ತಳ್ಳಿ ಒಳನುಗ್ಗುತ್ತದೆ ಎಂದು ಡಾರ್ವಿನ್ ತಿಳಿದಿದ್ದ. ಆ ವೇಗ ಅವನ ಕಣ್ಣಿಗೂ ಸಿಗಲಿಲ್ಲ.

ಮೇಲೆ ಹೂವು, ಕೆಳಗೆ ನೂರಾರು ಬಾಯಿ, ತಲೆ ಒಂದೂ ಇಲ್ಲ. ಇಂಥ ಡ್ರ್ಯಾಗನ್ ಬಿಡಿಸಬಲ್ಲವರು ಇದ್ದರೆ ಬಿಡಿಸಿ ಕಳಿಸಿ. ಸ್ನ್ಯಾಪ್‌ಟ್ರ್ಯಾಪರ್‌ಗೆ ಹತ್ತಕ್ಕೆ ಐದು, ಅದರಲ್ಲಿ ನಾಲ್ಕು ಚಾಕೊಲೇಟ್‌ಗೆ.