ಮುಂದಿನ ಸಂಖ್ಯೆ ಯಾವುದು?

1, 2, 4, 8, 16 – ಮುಂದಿನ ಸಂಖ್ಯೆ ಯಾವುದು? ಈ ಬಗೆಯ ಪ್ರಶ್ನೆಯನ್ನು ನೀವು ಎಷ್ಟೋ ಸಲ ಬಿಡಿಸಿರುತ್ತೀರಿ. ಅಧ್ಯಾಪಕರಾಗಿದ್ದರೆ ಕೇಳಿಯೂ ಇರುತ್ತೀರಿ. 32 ಎಂದವರಿಗೆ ಅಂಕ, 31 ಎಂದವರಿಗೆ ಸೊನ್ನೆ. ಆದರೆ 31 ಎಂದ ವಿದ್ಯಾರ್ಥಿಯ ಪರವಾಗಿ ಸಾಕ್ಷಿ ಹೇಳಬಲ್ಲ ಜಾಲತಾಣವೊಂದಿದೆ. ಅಂತರಜಾಲದಲ್ಲಿ ಕಂಡ ಸ್ವಾರಸ್ಯಗಳನ್ನು ಗೆಳೆಯರೊಡನೆ ಹಂಚಿಕೊಳ್ಳುವ ಚಪಲ ನಿಮಗಿದ್ದರೆ, ಮೊದಲು ಹಂಚಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ. ಅದು ಪೂರ್ಣಾಂಕ ಶ್ರೇಢಿಗಳ ಆನ್‌ಲೈನ್ ವಿಶ್ವಕೋಶ. ಬಳಸುವವರ ಬಾಯಲ್ಲಿ ಓಇಐಎಸ್.

ಇದನ್ನು ಕಟ್ಟಿದವರು ನೀಲ್ ಸ್ಲೋನ್. 1964ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಶ್ರೇಢಿಗಳನ್ನು ಕೂಡಿಡಲು ತೊಡಗಿದರು. 1973ರಲ್ಲಿ 2372 ಶ್ರೇಢಿಗಳ ಪುಸ್ತಕ ಬಂತು. 1996ರಲ್ಲಿ ಸಂಗ್ರಹ ಅಂತರಜಾಲಕ್ಕೆ ಏರಿತು. ಈಗ ಅಲ್ಲಿ 3 ಲಕ್ಷ 70 ಸಾವಿರಕ್ಕೂ ಹೆಚ್ಚು ಶ್ರೇಢಿಗಳಿವೆ.

ಮೇಲಿನ ಐದು ಸಂಖ್ಯೆಗಳನ್ನು ಅಲ್ಲಿ ಹುಡುಕಿ. 2ರ ಘಾತಗಳು ಸಿಗುತ್ತವೆ, ಅದು ನಿರೀಕ್ಷಿತವೇ. ಈಗ ಕೊನೆಗೆ 31 ಸೇರಿಸಿ ಹುಡುಕಿ. ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನಿಟ್ಟು, ಪ್ರತಿ ಎರಡನ್ನೂ ಸರಳರೇಖೆಯಿಂದ ಜೋಡಿಸಿದರೆ ವೃತ್ತ ಹೆಚ್ಚೆಂದರೆ ಎಷ್ಟು ಭಾಗಗಳಾಗುತ್ತದೆ? ಒಂದು ಬಿಂದುವಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 31, ಏಳಕ್ಕೆ 57! ನಂಬಿಕೆ ಬಾರದಿದ್ದರೆ ಕೈವಾರ, ಅಳತೆಪಟ್ಟಿ ತೆಗೆದುಕೊಂಡು ಎಣಿಸಿ. ಮೂರು ರೇಖೆಗಳು ಒಂದೇ ಬಿಂದುವಿನಲ್ಲಿ ಛೇದಿಸದಂತೆ ಎಚ್ಚರ ವಹಿಸಿ. ಸಮಷಡ್ಭುಜ ಬರೆದರೆ ಒಂದು ಭಾಗ ಕಡಿಮೆಯಾಗುತ್ತದೆ.

31ರ ಬದಲು 23 ಹಾಕಿದರೆ? ಅದಕ್ಕೂ ಉತ್ತರವಿದೆ. ಸಂಖ್ಯೆಗೆ ಅದರ ಅಂಕಿಗಳ ಮೊತ್ತವನ್ನೇ ಕೂಡಿಸುತ್ತ ಹೋಗುವುದು: 16ಕ್ಕೆ 1+6 ಸೇರಿ 23, ಮುಂದೆ 28, 38, 49. ಇಂಥ ಕೂಡಿಕೆಯ ಬೆನ್ನು ಹತ್ತಿದವರು ನಾಸಿಕದ ಬಳಿಯ ದೇವಳಾಲಿಯ ಶಾಲಾ ಅಧ್ಯಾಪಕ ಡಿ. ಆರ್. ಕಾಪ್ರೇಕರ್ (1905–1986). ಈ ಕ್ರಮದಿಂದ ಯಾವ ಸಂಖ್ಯೆಯಿಂದಲೂ ಹುಟ್ಟದವು, ಉದಾಹರಣೆಗೆ 20, ಅವರ 'ಸ್ವಯಂ ಸಂಖ್ಯೆ'ಗಳು. ಅವರ ಹೆಸರಿನ ಸಂಖ್ಯೆಗಳೂ ವಿಶ್ವಕೋಶದಲ್ಲಿವೆ: 297ರ ವರ್ಗ 88209, 88 ಮತ್ತು 209 ಕೂಡಿದರೆ ಮತ್ತೆ 297.

ಹಾಗಾದರೆ 32, 31, 23 ಮೂರೂ ಸರಿ. ನಿಯಮವನ್ನು ಹೇಳದೆ ಮುಂದಿನ ಸಂಖ್ಯೆ ಕೇಳುವ ಪ್ರಶ್ನೆಯೇ ಅಪೂರ್ಣ. ಪ್ರಶ್ನೆಪತ್ರಿಕೆ ತಯಾರಿಸುವವರು ನಾಲ್ಕು ಆಯ್ಕೆಗಳಲ್ಲಿ 31 ಅನ್ನೂ ಇಟ್ಟು, ಅದನ್ನು ಗುರುತಿಸಿದವರಿಗೆ ತಪ್ಪು ಹಾಕುವುದು ಅನ್ಯಾಯ. 'ನೀವು ಕಂಡ ನಿಯಮವನ್ನು ಬರೆಯಿರಿ' ಎಂಬ ಒಂದು ಸಾಲು ಸೇರಿಸಲು ಏನು ಕಷ್ಟ?

ವಿಶ್ವಕೋಶದಲ್ಲಿ ಕೊರತೆಗಳಿಲ್ಲವೆಂದಲ್ಲ. ಹೊಸಬರಿಗೆ ಪುಟ ಒಣಒಣವಾಗಿ ಕಾಣುತ್ತದೆ. ಟಿಪ್ಪಣಿಗಳು ಇಂಗ್ಲಿಷಿನಲ್ಲಿ, ಅದೂ ತಂತಿ ಸಂದೇಶದಷ್ಟು ಚುಟುಕಾಗಿ. ಸೂತ್ರದ ಸಂಕೇತಗಳನ್ನು ಬಲ್ಲವರಿಗಷ್ಟೇ ದಕ್ಕುತ್ತವೆ. ದೊಡ್ಡ ಅಪಾಯ ಬೇರೆಯೇ ಇದೆ. ನಿಮ್ಮ ವಿದ್ಯಾರ್ಥಿ ತಾನು ಎಣಿಸಿದ ಆರು ಸಂಖ್ಯೆಗಳನ್ನು ಒತ್ತಿ, ಸಿಕ್ಕ ಹೆಸರನ್ನು ನಕಲು ಮಾಡಿ, ಲೆಕ್ಕ ಮುಗಿಯಿತೆಂದುಕೊಳ್ಳಬಹುದು. ಮೊದಲ ಆರು ಪದಗಳು ಹೊಂದಿದರೆ ಅದು ಊಹೆಯಷ್ಟೇ, ಸಾಧನೆಯಲ್ಲ. ವೃತ್ತದ ಉದಾಹರಣೆಯಲ್ಲಿ ಐದು ಹೊಂದಿ ಆರನೆಯದು ಕೈಕೊಟ್ಟದ್ದನ್ನು ಆಗಲೇ ನೋಡಿದಿರಲ್ಲ!

ಶ್ರೇಢಿಯನ್ನು ಪಿಯಾನೊ ಸ್ವರಗಳಾಗಿ ನುಡಿಸುವ ಸೌಲಭ್ಯವೂ ಇದೆ. ಇಂಥ ಗಂಭೀರ ಸಂಗ್ರಹಕ್ಕೆ ಈ ಆಟಿಕೆ ಏಕೆ ಎಂದುಕೊಂಡಿದ್ದೆ. ರೆಕಮಾನ್ ಶ್ರೇಢಿಯನ್ನು ಆಲಿಸಿದ ಮೇಲೆ ಆಕ್ಷೇಪ ಹಿಂತೆಗೆದುಕೊಂಡೆ. ಕೊಲಂಬಿಯಾದ ಬರ್ನಾರ್ಡೊ ರೆಕಮಾನ್ ರೂಪಿಸಿದ ಇದರ ನಿಯಮ ಏಳನೆಯ ತರಗತಿಗೂ ಅರ್ಥವಾಗುವಂಥದು. 0ಯಿಂದ ಹೊರಡಿ. ಮೊದಲ ಹೆಜ್ಜೆಗೆ 1, ಎರಡನೆಯದಕ್ಕೆ 2, ಹೀಗೆ ಕಳೆಯಿರಿ. ಉತ್ತರ ಧನಸಂಖ್ಯೆಯಾಗಿ, ಹಿಂದೆ ಬಾರದ್ದಾಗಿರಬೇಕು. ಇಲ್ಲವಾದರೆ ಕೂಡಿ. 0, 1, 3, 6, 2, 7, 13, 20, 12, 21, 11... 4 ಬರಲು 131 ಹೆಜ್ಜೆ ಬೇಕು. 19 ಬರಲು 99,734. ಎಲ್ಲ ಸಂಖ್ಯೆಗಳೂ ಒಂದಲ್ಲ ಒಂದು ದಿನ ಬರುತ್ತವೆಯೆ? ಯಾರೂ ಸಾಧಿಸಿಲ್ಲ. 10ರ 230ನೆಯ ಘಾತದಷ್ಟು ಪದಗಳನ್ನು ಗಣಕದಿಂದ ಜಾಲಾಡಿದ ಮೇಲೂ 8,52,655 ಕಾಣಿಸಿಕೊಂಡಿರಲಿಲ್ಲ.